ತೌಡಿಗೆ ಮಾರಿದ ಕೂಸು

ನನ್ನಮ್ಮ ನಮ್ಮ ಮಗನನ್ನು ಒಂದು ಹಿಡಿ ತೌಡಿಗೆ ಮಾರಿದ್ದಾಳೆಂಬ ಸುದ್ದಿ ನನಗೆ ಗೊತ್ತಾದದ್ದು ಮಗಳ ಸ್ಕೂಲಿನಿಂದ.

ಮಂಗಳವಾರ ಮಧ್ಯಾಹ್ನ. ಪಿಸ್ಕಾಟವೇಯ ಆಫೀಸಿನಲ್ಲಿ ಮೀಟಿಂಗ್ ಮುಗಿಸಿ ಬಂದು ಚಿತ್ರಾನ್ನದ ಡಬ್ಬಿ ತೆಗೆಯುತ್ತಿದ್ದೆ, ಫೋನ್ ಬಂತು. ಕಿಯಾರಾಳ ಸ್ಕೂಲಿನ ಕೌನ್ಸೆಲರ್. ಆಕೆಯ ದನಿ ತೀರಾ ಮೆತ್ತಗಿತ್ತು. ಈ ದೇಶದಲ್ಲಿ ಇಷ್ಟು ವರ್ಷ ಬಾಳಿ ನಾನು ಕಲಿತ ಪಾಠ ಒಂದೇ. ಕೂಗಾಡುವವರಿಗೆ ಹೆದರಬೇಕಿಲ್ಲ, ಮೆತ್ತಗೆ ಮಾತಾಡುವವರು ಆಗಲೇ ಏನನ್ನೋ ತೀರ್ಮಾನಿಸಿ ಕೂತಿರುತ್ತಾರೆ.

ಕಿಯಾರಾ ಬೆಳಗ್ಗೆಯಿಂದ ಕ್ಲಾಸಿನ ಮೂಲೆಯ ಮೇಜಿನ ಕೆಳಗೆ ಕೂತಿದ್ದಾಳಂತೆ. ತಿಂಡಿ ಮುಟ್ಟಿಲ್ಲ. ಟೀಚರ್ ಪಕ್ಕದಲ್ಲಿ ನೆಲದ ಮೇಲೆ ಕೂತು ಕೇಳಿದ್ದಕ್ಕೆ, ಅಜ್ಜಿ ನನ್ನ ತಮ್ಮನನ್ನು ಪಕ್ಕದ ಮನೆಯ ಆಂಟಿಗೆ ಮಾರಿಬಿಟ್ಟಳು ಎಂದಿದ್ದಾಳೆ. "ಮಕ್ಕಳು ಕಥೆ ಕಟ್ಟುತ್ತಾರೆ, ನಮಗೂ ಗೊತ್ತು. ಆದರೆ ಇಂಥ ಮಾತು ಕಿವಿಗೆ ಬಿದ್ದ ಮೇಲೆ ಮಕ್ಕಳ ಇಲಾಖೆಗೆ ತಿಳಿಸುವುದು ಕಾನೂನು. ತಿಳಿಸಿದ್ದೇವೆ" ಎಂದಳು ಕೌನ್ಸೆಲರ್.

ಮಕ್ಕಳ ಇಲಾಖೆ ಎಂದದ್ದೇ ನಾನು ಡಬ್ಬಿ ಬಿಟ್ಟು ಎದ್ದೆ. ಯಾಕೆಂದು ಹೇಳಬೇಕಾದರೆ ನಮ್ಮ ಸಂಸಾರದ ಬಗ್ಗೆ ಹೇಳಬೇಕು.

ನಾನು ತ್ರಿಪುರಸುಂದರಿ. ಮೂಗೂರಿನ ಅಮ್ಮನವರ ಹೆಸರು, ಇಲ್ಲಿಯವರ ನಾಲಿಗೆಗೆ ಅದು ಆಗದ ಕೆಲಸ, ಹಾಗಾಗಿ ಸುಂದರಿ. ನನ್ನ ಹೆಂಡತಿ ಲೊರೇನ್ ಪ್ಲೇನ್‌ಫೀಲ್ಡಿನಲ್ಲಿ ಹುಟ್ಟಿ ಬೆಳೆದ ಕಪ್ಪು ಹೆಂಗಸು, ನ್ಯೂ ಬ್ರನ್ಸ್‌ವಿಕ್ಕಿನ ಆಸ್ಪತ್ರೆಯಲ್ಲಿ ಉಸಿರಾಟದ ಥೆರಪಿಸ್ಟ್. ಯಾರ ಎದೆಗಾದರೂ ಕಿವಿ ಇಟ್ಟು ಅವರ ಹಣೆಬರಹ ಹೇಳಬಲ್ಲಳು. ಅವಳ ಮಾತು ಇಂಗ್ಲಿಷಿನದು, ಇಲ್ಲಿ ಅದನ್ನು ನಾನು ನನ್ನ ಕನ್ನಡದಲ್ಲಿ ಹೇಳುತ್ತೇನೆ. ಸಮರ್‌ಸೆಟ್ಟಿನ ಟೌನ್‌ಹೌಸಿನಲ್ಲಿ ನಮ್ಮ ಮನೆ. ಏಳು ವರ್ಷದ ಕಿಯಾರಾ ನಮ್ಮಲ್ಲಿಗೆ ಬಂದು ಮೂರು ವರ್ಷವಾಯಿತು. ಅದಕ್ಕೆ ಮುಂಚೆ ಬೇರೆ ಬೇರೆ ಮನೆಗಳಲ್ಲಿ ಬೆಳೆದವಳು. ಹೋದಲ್ಲೆಲ್ಲ ಅವಳ ಬಟ್ಟೆ ಕಸದ ಪ್ಲಾಸ್ಟಿಕ್ ಚೀಲದಲ್ಲಿ ಹೋಗುತ್ತಿತ್ತು. ಒಬ್ಬ ಅಣ್ಣನಿದ್ದಾನೆ, ಪೆನ್ಸಿಲ್ವೇನಿಯಾದಲ್ಲಿ ಯಾರೋ ದತ್ತು ತೆಗೆದುಕೊಂಡಿದ್ದಾರೆ. ಕ್ರಿಸ್‌ಮಸ್ಸಿಗೆ ಕಾರ್ಡು ಬರುತ್ತದೆ, ಅವನು ಬರುವುದಿಲ್ಲ.

ಕಿಯಾರಾಳ ದತ್ತು ಕೋರ್ಟಿನಲ್ಲಿ ಮುಗಿದಿತ್ತು. ಅವಳ ತಾಯಿಗೇ ಹುಟ್ಟಿದ ಇನ್ನೊಂದು ಕೂಸು ಇಲೈಜಾ. ತಿಂಗಳು ತುಂಬುವ ಮೊದಲೇ ಹುಟ್ಟಿದ, ಎರಡು ಕೈಯಲ್ಲಿ ಹಿಡಿಸುವಷ್ಟಿದ್ದಾಗ ನಮಗೆ ಕೊಟ್ಟರು. ಈಗ ಹದಿನಾಲ್ಕು ತಿಂಗಳು. ಅವನ ದತ್ತಿನ ಹಿಯರಿಂಗ್ ಮುಂದಿನ ತಿಂಗಳಿತ್ತು. ಜಡ್ಜ್ ಹೂಂ ಅನ್ನುವವರೆಗೆ ಅವನು ರಾಜ್ಯದ ಮಗು. ಇಲಾಖೆಯವರು ಯಾವತ್ತು ಬೇಕಾದರೂ ಬಂದು ಎತ್ತಿಕೊಂಡು ಹೋಗಬಹುದು. ಹಾಗಾಗಿ ನಮ್ಮದು ಯಾವಾಗಲೂ ಪರೀಕ್ಷೆಗೆ ಕೂತ ಸಂಸಾರ. ಔಷಧಿಗೆ ಬೀಗ, ಮೆಟ್ಟಿಲಿಗೆ ಗೇಟು, ಫ್ರಿಜ್ಜಿನಲ್ಲಿ ಹಣ್ಣು. ಬೇರೆಯವರ ಮನೆಯಲ್ಲಿ ಮಗು ಬಿದ್ದರೆ ಮಗು ಬಿತ್ತು ಅಷ್ಟೆ. ನಮ್ಮ ಮನೆಯಲ್ಲಿ ಬಿದ್ದರೆ ಇಬ್ಬರು ಹೆಂಗಸರ ಮನೆಯಲ್ಲಿ, ಒಬ್ಬಳು ಇಂಡಿಯಾದವಳಂತೆ, ಅಂತಾಗುತ್ತದೆ.

ಇದರ ನಡುವೆ ಅಕ್ಟೋಬರಿನಲ್ಲಿ ನನ್ನಮ್ಮ ರುದ್ರಮ್ಮ ಬಂದಿಳಿದಳು. ನನ್ನ ಮದುವೆಯ ಮೊದಲಿನ ವರ್ಷಗಳಲ್ಲಿ ನೆಂಟರಿಗೆಲ್ಲ ಲೊರೇನ್ ನನ್ನ ರೂಮ್‌ಮೇಟ್ ಎಂದು ಹೇಳಿಕೊಂಡು ಬಂದವಳು. ಕಿಯಾರಾಳನ್ನು ವೀಡಿಯೋದಲ್ಲಿ ಮೊದಲು ನೋಡಿದ ದಿನ, "ನಮ್ ಕಡೆ ಬಣ್ಣದ್ ಕೂಸು ಸಿಗ್ಲಿಲ್ವೇನವ್ವ?" ಎಂದಿದ್ದಳು. ನಾನು ಫೋನ್ ಕುಕ್ಕಿ ತಿಂಗಳುಗಟ್ಟಲೆ ಮಾತು ಬಿಟ್ಟಿದ್ದೆ. ಆದರೆ ಬಂದ ವಾರದಲ್ಲೇ ಅವಳು ಇಲೈಜಾನಿಗೆ ಎಲ್ಲಯ್ಯ ಎಂದು ಹೆಸರಿಟ್ಟು ಸೊಂಟಕ್ಕೇರಿಸಿಕೊಂಡಳು. ಆಮೇಲೆ ಇಳಿಸಲೇ ಇಲ್ಲ. ಲೊರೇನ್ ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವಾಗ ಕೂಸು ಅಜ್ಜಿಯ ಕೈಯಲ್ಲಿ.

ಈ ಚಳಿಗಾಲದಲ್ಲಿ ಇಲೈಜಾನಿಗೆ ಎರಡು ಸಲ ಉಬ್ಬಸ ಹೆಚ್ಚಾಗಿ ಆಸ್ಪತ್ರೆಗೆ ಸೇರಿಸಿದ್ದೆವು. ಎರಡನೆಯ ಸಲ ಅವನ ತುಟಿ ನೀಲಿಯಾದದ್ದನ್ನು ಅಮ್ಮ ನೋಡಿದ್ದಳು. ಅವತ್ತಿನಿಂದ ಅವಳು ಮಾತು ಕಡಿಮೆ ಮಾಡಿದ್ದಳು. ವಯಸ್ಸಾಯಿತು, ಚಳಿ ಅಂದುಕೊಂಡೆ.

ಆಫೀಸಿನಿಂದ ಕಾರಿಗೆ ಓಡುತ್ತ ನನಗೆ ಭಾನುವಾರ ನೆನಪಾಯಿತು. ಅಡುಗೆಮನೆಯ ಕಟ್ಟೆಯ ಮೇಲೆ ಪಕ್ಕದ ಮನೆಯ ರಾಜಿ ಆಂಟಿಯ ಮೊರ ಇತ್ತು, ಗೌರಿಹಬ್ಬದ ಬಾಗಿನಕ್ಕೆಂದು ಎಡಿಸನ್ನಿನ ಅಂಗಡಿಯಲ್ಲಿ ಕೊಂಡ ಮೊರ. ಪಕ್ಕದಲ್ಲಿ ಓಟ್ ಬ್ರ್ಯಾನ್, ಅಂದರೆ ಓಟ್ಸಿನ ತೌಡಿನ ಡಬ್ಬಿ. ಅಕ್ಕಿ ಆರಿಸುತ್ತಿದ್ದಾಳೆ ಅಂದುಕೊಂಡು ಸುಮ್ಮನಾಗಿದ್ದೆ. ಹೆತ್ತ ಮಕ್ಕಳು ನಿಲ್ಲದ ಮನೆಯಲ್ಲಿ ಕೂಸನ್ನು ಮೊರದಲ್ಲಿ ಮಲಗಿಸಿ, ಮಕ್ಕಳು ಗಟ್ಟಿಯಾಗಿರುವ ಮನೆಯವರಿಗೆ ಒಂದು ಹಿಡಿ ತೌಡಿಗೆ ಮಾರುತ್ತಾರೆ. ತೌಡಿನ ಬೆಲೆಯ ಕೂಸು, ಅದೂ ಬೇರೆಯವರದು ಅಂದರೆ ಸಾವು ತಿರುಗಿ ನೋಡುವುದಿಲ್ಲವಂತೆ. ಊರಲ್ಲಿ ಅಜ್ಜಿಯರು ಹೇಳುತ್ತಿದ್ದದ್ದನ್ನು ಕೇಳಿದ್ದೆ. ರಾಜಿ ಆಂಟಿಗೆ ಎತ್ತಿನಂಥ ಇಬ್ಬರು ಗಂಡುಮಕ್ಕಳು.

ಸ್ಟಿಯರಿಂಗ್ ಹಿಡಿದು ಲೊರೇನ್‌ಗೆ ಫೋನ್ ಮಾಡಿದೆ. ನಿದ್ದೆಗಣ್ಣಿನಲ್ಲಿ ಎತ್ತಿದಳು.

"ಇಲೈಜಾ ಎಲ್ಲಿ ನೋಡು" ಎಂದೆ.

"ಕೆಳಗೆ. ನಿನ್ನಮ್ಮನ ಹತ್ತಿರ."

"ಹೋಗಿ ನೋಡು."

ಅವನು ಅಲ್ಲೇ ಇರುತ್ತಾನೆಂದು ನನಗೆ ಗೊತ್ತಿತ್ತು. ಆದರೂ ಅವಳು ಇಳಿಯುವ ಮೆಟ್ಟಿಲುಗಳನ್ನು ಫೋನಿನಲ್ಲೇ ಎಣಿಸಿದೆ. ರಾಗಿ ಸರಿ ತಿನ್ನುತ್ತ ಕೂತಿದ್ದಾನೆ, ಏನಾಯಿತು, ಎಂದಳು. ಹೇಳಿದೆ. ಮಾರುವುದು ಅಂದರೆ ಏನು, ಯಾಕೆ, ಅದು ನಿಜವಾದ ಮಾರಾಟವಲ್ಲ, ಒಂದು ಥರದ ಆಟ, ಹರಕೆಯ ಹಾಗೆ, ಅಂತೆಲ್ಲ ತೌಡು ಕುಟ್ಟಿದೆ. ನಾನು ಮುಗಿಸುವ ಮೊದಲೇ ಲೊರೇನ್ ಫೋನ್ ಇಟ್ಟಳು.

ಸ್ಕೂಲಿನಲ್ಲಿ ಕಿಯಾರಾ ನನ್ನನ್ನು ನೋಡಿ ಮೇಜಿನ ಕೆಳಗಿನಿಂದ ತಾನೇ ಹೊರಗೆ ಬಂದಳು. ಅಳಲಿಲ್ಲ. ಬೆನ್ನಿನ ಬ್ಯಾಗನ್ನು ನನ್ನ ಕೈಗೆ ಕೊಡಲೂ ಇಲ್ಲ. ಕಾರಿನಲ್ಲಿ ಬೆಲ್ಟ್ ಹಾಕಿಸಿದ ಮೇಲೆ ಕೇಳಿದಳು.

"ಈಸ್ ಹಿ ಸ್ಟಿಲ್ ದೇರ್?"

"ಮನೇಲೇ ಇದಾನೆ ಪುಟ್ಟಾ. ಅಜ್ಜಿ ಸುಮ್ಮನೆ ಆಟ ಆಡಿದ್ದು."

"ಶಿ ಟುಕ್ ದ ಸ್ಟಫ್," ಎಂದಳು ಕಿಯಾರಾ. "ಐ ಸಾ. ರಾಜಿ ಆಂಟಿ ಗೇವ್ ಹರ್ ದ ಸ್ಟಫ್ ಅಂಡ್ ಶಿ ಟುಕ್ ಇಟ್."

ಕಾರು ಹೊರಡಿಸಿದೆ. ತೆಗೆದುಕೊಂಡದ್ದು ಹೌದು.

ಮನೆಯಲ್ಲಿ ಲೊರೇನ್ ಇಲೈಜಾನನ್ನು ಎದೆಗೆ ಒತ್ತಿಕೊಂಡು ಊಟದ ಮೇಜಿನ ಮುಂದೆ ಕೂತಿದ್ದಳು. ಅಮ್ಮ ಒಲೆಯ ಹತ್ತಿರ ನಿಂತಿದ್ದಳು. ಅವಳ ಕೈ ಬರಿದಾಗಿತ್ತು, ಏನು ಮಾಡಬೇಕೆಂದು ಗೊತ್ತಾಗದೆ ಸೆರಗಿನ ತುದಿ ಸುತ್ತುತ್ತಿದ್ದಳು. ಕಿಯಾರಾಳನ್ನು ಮೇಲಿನ ರೂಮಿಗೆ ಕಳಿಸಿ ನಾನು ಅಮ್ಮನ ಮೇಲೆ ಹರಿಹಾಯ್ದೆ.

"ಏನಮ್ಮ ಮಾಡಿದೀಯ ನೀನು? ಯಾರನ್ನ ಕೇಳಿ ಮಾಡಿದೆ?"

"ಯಾಕ್ ಅರಚ್ಕೊಂಡಿಯೇ? ಮಾರಿವ್ನಿ, ದಿಟ. ಮೊಗ ಉಳೀಲಿ ಅಂತ ಮಾರಿವ್ನಿ. ನಿನ್ನ ಕೇಳಿದ್ರೆ ನೀನು ಬುಟ್ಟೀಯಾ?"

"ಅವರು ಮಗೂನ ತಗೊಂಡು ಹೋಗ್ತಾರೆ. ಗೊತ್ತಾಗತ್ತಾ ನಿಂಗೆ?"

ಅಮ್ಮ ನನ್ನನ್ನು ನೋಡಿದಳು. ಅವಳಿಗೆ ಗೊತ್ತಿದ್ದದ್ದು ಒಂದೇ ಭಯ, ನಾನು ಹೇಳುತ್ತಿದ್ದದ್ದು ಬೇರೆ ಭಯ. ಇಲಾಖೆಯವರು ಮಗುವನ್ನು ಎತ್ತಿಕೊಂಡು ಹೋಗುವುದೆಂದರೆ ಏನೆಂದು ಅವಳ ತಲೆಗೆ ಹೋಗಲೇ ಇಲ್ಲ.

ಆಗ ಲೊರೇನ್ ಮಾತಾಡಿದಳು. ದನಿ ಎತ್ತರಿಸಲಿಲ್ಲ. "ನಾನು ಹೇಳುವುದನ್ನು ಆಕೆಗೆ ಹೇಳು. ನನ್ನಪ್ಪನ ಕಡೆಯಲ್ಲಿ ನಮಗೆ ಗೊತ್ತಿರುವ ಮೊದಲನೆಯ ಹೆಂಗಸಿನ ಹೆಸರು ಹೆಸ್ಟರ್. ಆಕೆಯ ಊರು ಗೊತ್ತಿಲ್ಲ, ತಾಯಿ ಗೊತ್ತಿಲ್ಲ. ಯಾರೋ ಆಕೆಯನ್ನು ಮಾರಿದರು, ಆ ಮಾರಾಟದ ಕಾಗದದಲ್ಲಿ ಬರೆದದ್ದಕ್ಕೇ ಹೆಸರು ಉಳಿದಿದೆ. ಆಗ ಆಕೆಗೆ ಕಿಯಾರಾಳ ವಯಸ್ಸು. ಈ ಮನೆಯಲ್ಲಿ ಕಪ್ಪು ಮಗುವನ್ನು ಯಾರೂ ಮಾರುವುದಿಲ್ಲ. ಆಟಕ್ಕೂ ಇಲ್ಲ, ದೇವರಿಗೂ ಇಲ್ಲ."

ಅಮ್ಮನಿಗೆ ಹೇಳಿದೆ. ಅವಳಿಗೆ ಈ ದೇಶದ ಆ ಕಥೆ ಗೊತ್ತಿರಲಿಲ್ಲ. ನಾನಾದರೂ ಯಾವತ್ತು ಹೇಳಿದ್ದೆ?

"ಮನುಷ್ರನ್ನಾ?" ಎಂದಳು. "ಅವ್ವನ್ನ ಬುಡಿಸಿ?"

"ಹೂಂ."

ಸೆರಗಿನ ತುದಿ ಬಿಟ್ಟು, "ಅವರು ಕಾಸಿಗೆ ಮಾರುದ್ರು. ನಾನು ಸಾವಿನ ಕಣ್ಗೆ ಬೀಳ್ದಂಗೆ ಮಾರಿವ್ನಿ" ಎಂದಳು ಮೆತ್ತಗೆ.

ಲೊರೇನ್‌ಗೆ ಹೇಳಿದೆ. "ಏಳು ವರ್ಷದ ಮಗುವಿಗೆ ಆ ವ್ಯತ್ಯಾಸ ಹೇಗೆ ಗೊತ್ತಾಗಬೇಕು, ಕೇಳು" ಎಂದಳು. ಅದನ್ನು ನಾನು ಅಮ್ಮನಿಗೆ ಹೇಳಲಿಲ್ಲ.

ಬೆಲ್ ಆಯಿತು. ಇಲಾಖೆಯ ಮಿಸ್ ಓರ್ಟೀಸ್. ಪ್ರತಿ ತಿಂಗಳು ಬರುತ್ತಿದ್ದವಳೇ. ಕಾಫಿ ಕುಡಿದು, ಇಲೈಜಾನ ಕೆನ್ನೆ ಹಿಂಡಿ, ನಕ್ಕು ಹೋಗುತ್ತಿದ್ದವಳು. ಅವತ್ತು ಕಾಫಿ ಬೇಡವೆಂದಳು. ಇಲೈಜಾನ ಬಟ್ಟೆ ಬಿಚ್ಚಿಸಿ ಬೆನ್ನು, ತೊಡೆ, ಕಂಕುಳು ನೋಡಿದಳು. ಮೇಲೆ ಹೋಗಿ ಕಿಯಾರಾಳ ಜೊತೆ ಬಾಗಿಲು ಹಾಕಿಕೊಂಡು ಮಾತಾಡಿದಳು. ಕೆಳಗೆ ನಾವು ಮೂವರೂ ಛಾವಣಿ ನೋಡುತ್ತ ಕೂತೆವು. ಇಳಿದು ಬಂದಾಗ ಅವಳ ಮುಖದಲ್ಲಿ ನನಗೆ ಏನೂ ಓದಲಾಗಲಿಲ್ಲ.

"ಅಜ್ಜಿಯ ಹತ್ತಿರ ಮಾತಾಡಬೇಕು. ನೀವು ಅನುವಾದಿಸುವಂತಿಲ್ಲ, ನಡುವೆ ಮಾತಾಡುವಂತಿಲ್ಲ" ಎಂದು ತನ್ನ ಫೋನನ್ನು ಮೇಜಿನ ಮೇಲಿಟ್ಟಳು. ದುಭಾಷಿಯ ಸರ್ವೀಸು. ಎಲ್ಲೋ ಕೂತ ಒಬ್ಬ ಹುಡುಗನ ದನಿ ಬಂತು, ಧಾರವಾಡದ ಕಡೆಯ ಮಾತು.

"ನಮಸ್ಕಾರ್ರೀ ಅಮ್ಮಾರ. ಅವ್ರು ಕೇಳಾಕತ್ತಾರ್ರೀ, ನೀವು ಕೂಸನ್ನ ಮಾರೀರೇನು ಅಂತ."

ಅಮ್ಮ ಫೋನಿನ ಮೇಲೆ ಬಗ್ಗಿದಳು. "ಹೂಂ ಕಣಪ್ಪ, ಮಾರಿವ್ನಿ."

ಅದೇ ಹುಡುಗ, ಬೇರೆಯೇ ದನಿಯಲ್ಲಿ, "ಯೆಸ್. ಐ ಹ್ಯಾವ್ ಸೋಲ್ಡ್ ಹಿಮ್" ಎಂದ.

ಮಿಸ್ ಓರ್ಟೀಸಳ ಬೆರಳು ಲ್ಯಾಪ್‌ಟಾಪಿನ ಮೇಲೆ ನಿಂತವು. ಲೊರೇನ್ ನನ್ನ ಮಣಿಕಟ್ಟು ಹಿಡಿದುಕೊಂಡಳು. ಹೇಳಯ್ಯಾ, ನಿಮ್ಮ ಕಡೆಯೂ ಇದು ಇರುತ್ತದೆ, ನಿಮ್ಮಜ್ಜಿಯೂ ಹೇಳಿರುತ್ತಾಳೆ, ಅದನ್ನೂ ಸೇರಿಸಿ ಹೇಳು ಎಂದು ನಾನು ಮನಸ್ಸಿನಲ್ಲೇ ಆ ಹುಡುಗನ ಕಾಲು ಹಿಡಿದೆ. ಅವನು ಸೇರಿಸುವಂತಿಲ್ಲ. ನಾನು ಬಾಯಿ ತೆರೆಯುವಂತಿಲ್ಲ.

"ಏನ್ ತಗೊಂಡ್ರಿ ಅಂತ ಕೇಳ್ತಾರ್ರೀ."

"ತೌಡು. ಒಂದ್ ಹಿಡಿ. ಇಲ್ಲಿ ಅದೂ ಡಬ್ಬೀಲಿ ಬತ್ತದೆ."

"ಯಾಕ ಮಾರಿದ್ರಿ?"

ಅಮ್ಮ ಕುರ್ಚಿ ಎಳೆದುಕೊಂಡು ಕೂತಳು. ನನ್ನ ಕಡೆ ನೋಡಲಿಲ್ಲ. "ನಂಗೆ ಮೊದಲ್ನೆವು ಎರಡೂ ಗಂಡು ಕಣಪ್ಪ. ಹಾಲು ಕುಡೀತಾ ಕುಡೀತಾನೇ ಹೋದೋ. ಎರಡನೇದ್ರ ತುಟಿ ಹಿಂಗೇ ನೀಲಿಗಾಗಿತ್ತು, ಎಲ್ಲಯ್ಯಂದು ಆಯ್ತಲ್ಲ ಹಂಗೆ. ಮೂರ್ನೇದು ಇವಳು, ಇಲ್ಲಿ ಕೂತವ್ಳಲ್ಲ. ಹುಟ್ಟಿದ್ ದಿನಾನೇ ನಮ್ಮತ್ತೆ ಮೊರದಲ್ಲಿ ಮಲಗ್ಸಿ ಹಿಂದ್ಲ ಬೀದಿ ಚನ್ನಮ್ಮಂಗೆ ತೌಡಿಗೆ ಮಾರುದ್ರು. ಚನ್ನಮ್ಮಂಗೆ ಎಂಟು ಮಕ್ಳು, ಎಂಟೂ ಗಟ್ಟಿ. ಇವಳು ಬದುಕುದ್ಲು."

ಹುಡುಗ ತುಂಡು ತುಂಡಾಗಿ ಇಂಗ್ಲಿಷಿಗೆ ಇಳಿಸಿದ. ಮಿಸ್ ಓರ್ಟೀಸ್ ನನ್ನ ಕಡೆ ನೋಡಿದಳು. ನನಗೂ ಅದು ಆಗಷ್ಟೇ ಗೊತ್ತಾಗುತ್ತಿತ್ತು. ನನಗೆ ಇಬ್ಬರು ಅಣ್ಣಂದಿರಿದ್ದರೆಂದು ನಲವತ್ತು ದಾಟುವವರೆಗೂ ಯಾರೂ ಹೇಳಿರಲಿಲ್ಲ. ಚನ್ನಮ್ಮ ಯಾಕೆ ಪ್ರತಿ ಯುಗಾದಿಗೆ ನನ್ನ ಕೈಗೆ ಬಳೆ ತೊಡಿಸಿ ಬಾರವ್ವ ಮಗಳೇ ಅನ್ನುತ್ತಿದ್ದಳೆಂದೂ ಆಗಲೇ ತಿಳಿದದ್ದು.

"ಮತ್ತ ಮಗಳ್ನ ವಾಪಸ್ ತಗೊಂಡಿರೇನು?"

"ಇಲ್ಲ. ಒಂದ್ ಹಿಡಿ ತೌಡು ಕೊಟ್ಟು ತಗೋಬೋದಿತ್ತು. ಧೈರ್ಯ ಬರ್ಲಿಲ್ಲ. ಇವತ್ಗೂ ಇವಳು ಚನ್ನಮ್ಮನ ಮಗಳೇ. ನಾನು ಸಾಕ್ದೋಳು, ಅಷ್ಟೆ."

ಹುಡುಗ ಕ್ಷಮಿಸಿ ಎಂದು ಮೊದಲಿನಿಂದ ಶುರುಮಾಡಿ ಹೇಳಿದ. "ಐ ಆಮ್ ಓನ್ಲಿ ದ ಒನ್ ಹೂ ರೈಸ್ಡ್ ಹರ್." ಲೊರೇನ್ ಅವತ್ತು ಮೊದಲ ಸಲ ಅಮ್ಮನನ್ನು ನೇರವಾಗಿ ನೋಡಿದಳು.

ನನಗೆ ಅಮ್ಮನನ್ನು ತಬ್ಬಿಕೊಳ್ಳಬೇಕೆನಿಸಿತು. ಅವಳನ್ನು ಹಿಡಿದು ಅಲುಗಾಡಿಸಬೇಕೆಂದೂ ಅನ್ನಿಸಿತು. ಎರಡನ್ನೂ ಮಾಡಲಾಗಲಿಲ್ಲ, ಏಕೆಂದರೆ ಇಲೈಜಾ ಕೆಮ್ಮತೊಡಗಿದ.

ಆ ಕೆಮ್ಮು ನಮಗೆ ಗೊತ್ತು. ಎರಡು ಮೂರು ಸಲ ಬೊಗಳಿದ ಹಾಗೆ, ಆಮೇಲೆ ಎದೆಯೊಳಗೆ ಸೀಟಿ. ಲೊರೇನ್ ಅವನ ಬೆನ್ನಿಗೆ ಕಿವಿ ಇಟ್ಟು, "ನೆಬ್ಯುಲೈಜರ್" ಎಂದಳು. ಡ್ರಾಯರ್ ಎಳೆದೆ. ಮಷೀನಿತ್ತು, ಔಷಧಿಯಿತ್ತು, ಮೂಗು ಬಾಯಿಗೆ ಹಿಡಿಯುವ ಪುಟ್ಟ ಮಾಸ್ಕ್ ಇರಲಿಲ್ಲ. ಪಾತ್ರೆ ತೊಳೆಯುವ ಜಾಗ ನೋಡಿದೆ, ಮಂಚದ ಪಕ್ಕ ನೋಡಿದೆ, ಕಾರಿನಲ್ಲಿ ನೋಡಿದೆ. ಹಿಂತಿರುಗಿ ಬಂದಾಗ ಇಲೈಜಾನ ಹೊಟ್ಟೆ ಒಳಗೊಳಗೆ ಸೆಳೆದುಕೊಳ್ಳುತ್ತಿತ್ತು. ಮಿಸ್ ಓರ್ಟೀಸ್ ಎದ್ದು ನಿಂತು ಎಲ್ಲವನ್ನೂ ನೋಡುತ್ತಿದ್ದಳು. ಮಗನ ಉಸಿರು ನಿಲ್ಲುತ್ತದೆಯೆಂದು ಹೆದರಿದೆನೋ, ಅವಳು ನೋಡುತ್ತಿದ್ದಾಳೆಂದು ಹೆದರಿದೆನೋ, ಈಗಲೂ ಬಿಡಿಸಿ ಹೇಳಲಾರೆ.

ಅಮ್ಮ ಎರಡು ಕೈಯಿಂದ ಬಾಯಿ ಮುಚ್ಚಿಕೊಂಡು ಗೋಡೆಗೆ ಅಂಟಿದ್ದಳು.

ಮೆಟ್ಟಿಲ ಮೇಲೆ ಕಿಯಾರಾ. ಸ್ಕೂಲ್ ಬ್ಯಾಗನ್ನು ಎಳೆದುಕೊಂಡು ಬಂದು, ಜಿಪ್ ತೆಗೆದು, ಒಳಗಿನಿಂದ ಮಾಸ್ಕ್ ತೆಗೆದುಕೊಟ್ಟಳು. ಅದರ ಹಿಂದೆ ಅವನ ಡೈಪರ್, ಅವನ ನೀಲಿ ಕಂಬಳಿ, ಅವಳ ಎರಡು ಜೊತೆ ಬಟ್ಟೆ ಕಾಣಿಸಿದವು.

"ದೇ ನೆವರ್ ಪ್ಯಾಕ್ ದ ರೈಟ್ ಸ್ಟಫ್," ಎಂದಳು, ಯಾರನ್ನೂ ನೋಡದೆ.

ಮಾಸ್ಕಿನೊಳಗೆ ಹಬೆ ತುಂಬಿ, ನಿಧಾನವಾಗಿ ಅವನ ಸೀಟಿ ಇಳಿಯಿತು. ಲೊರೇನ್ ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಣ್ಣು ಮುಚ್ಚಿ ಎಣಿಸುತ್ತಿದ್ದಳು. ಮಿಸ್ ಓರ್ಟೀಸ್ ಫೋನಿನ ಹುಡುಗನಿಗೆ ಥ್ಯಾಂಕ್ಸ್ ಹೇಳಿ ಕಟ್ ಮಾಡಿದಳು. ಅವನು ಇಷ್ಟು ಹೊತ್ತೂ ಲೈನಿನಲ್ಲೇ ಇದ್ದ.

ಹೊರಡುವ ಮುಂಚೆ ಬಾಗಿಲ ಹತ್ತಿರ ನಿಂತು ಹೇಳಿದಳು. "ಆಕೆ ಕೆಟ್ಟ ಉದ್ದೇಶದಿಂದ ಮಾಡಿದ್ದಲ್ಲ, ನನಗೆ ಗೊತ್ತಾಯಿತು. ಆದರೆ ತೀರ್ಮಾನ ನನ್ನೊಬ್ಬಳದಲ್ಲ. ವಿಚಾರಣೆ ಮುಗಿಯುವವರೆಗೆ ಆಕೆ ಈ ಮನೆಯಲ್ಲಿ ಇರುವಂತಿಲ್ಲ. ಇವತ್ತಿನಿಂದಲೇ. ಹಿಯರಿಂಗ್ ಮುಂದಕ್ಕೆ ಹೋಗಬಹುದು."

"ಮುಂದಕ್ಕೆ ಹೋಗುವುದೋ, ಅಥವಾ…" ಎಂದು ಕೇಳಿದೆ.

"ನಾನು ಆದಷ್ಟು ಬೇಗ ತಿಳಿಸುತ್ತೇನೆ" ಎಂದಳು. ಅವಳ ಕಾರು ತಿರುವು ದಾಟುವವರೆಗೆ ನಾವು ಕಿಟಕಿಯಿಂದ ಕದಲಲಿಲ್ಲ.

ಅಮ್ಮ ಎಲ್ಲಿಗೆ ಹೋಗುವುದು? ರಾಜಿ ಆಂಟಿಗೆ ಫೋನ್ ಮಾಡಿದೆ. "ಅಯ್ಯೋ ಸುಂದರಿ, ಇಷ್ಟೆಲ್ಲ ಆಗತ್ತೆ ಅಂತ ನಂಗೇನ್ ಗೊತ್ತಿತ್ತಮ್ಮ, ರುದ್ರಮ್ಮನೋರು ಕಣ್ಣೀರ್ ಹಾಕ್ಕೊಂಡ್ ಕೇಳಿದ್ರು. ಕಳ್ಸು, ಗೆಸ್ಟ್ ರೂಮ್ ಖಾಲಿ ಇದೆ" ಎಂದರು.

ಅಮ್ಮ ಸೂಟ್‌ಕೇಸಿಗೆ ಸೀರೆ ಹಾಕುತ್ತಿರುವಾಗ ಲೊರೇನ್ ರೂಮಿನ ಬಾಗಿಲಲ್ಲಿ ಬಂದು ನಿಂತಳು. "ಹೋಗುವ ಮುಂಚೆ ಅದನ್ನು ವಾಪಸ್ ಮಾಡಲಿ. ಕಿಯಾರಾಳ ಕಣ್ಣೆದುರು. ಅವಳು ನೋಡಿದ್ದು ಮಾರಿದ್ದನ್ನು. ಅದನ್ನು ಅಳಿಸಿದ್ದನ್ನೂ ನೋಡಲಿ."

ನಾನು ಹೇಳಿದೆ. ಅಮ್ಮನ ಕೈಯಿಂದ ಸೀರೆ ಬಿತ್ತು.

"ಅದೊಂದ್ ಬ್ಯಾಡ ಕಣವ್ವ. ಕಾಲಿಗ್ ಬೀಳ್ತಿನಿ. ನನ್ನ ಊರಿಗ್ ಕಳ್ಸು, ಜೈಲಿಗ್ ಹಾಕ್ಸು. ಈಗ್ಲೇ ನೋಡ್ದಲ್ಲ ಹೆಂಗ್ ಸೆಳೀತಿತ್ತು ಮೊಗ? ವಾಪಸ್ ತಕ್ಕಂಡ್ ಮೇಲೆ ಏನಾರ ಆದ್ರೆ? ನಿನ್ನ ನಾನು ಇನ್ನೂ ತಕ್ಕಂಡಿಲ್ಲ ಕಣೇ."

ನಾನು ಎಂಜಿನಿಯರ್. ಶ್ವಾಸಕೋಶದೊಳಗಿನ ಬ್ರಾಂಕಿಯೋಲ್‌ಗಳ ಚಿತ್ರ ಬರೆದು ತೋರಿಸಬಲ್ಲೆ. ಆದರೂ ಆ ಕ್ಷಣ ನನ್ನ ಬಾಯಿಂದ ವಾಪಸ್ ತಗೋ ಎಂಬ ಮಾತು ಹೊರಡಲಿಲ್ಲ. ಒಂದು ವೇಳೆ, ಒಂದು ವೇಳೆ ಎಂದುಕೊಳ್ಳುತ್ತ ಬಿದ್ದ ಸೀರೆ ಎತ್ತಿ ಮಡಚಿದೆ. ಲೊರೇನ್‌ಗೆ ನನ್ನ ಮುಖದಲ್ಲಿ ಅದು ಕಂಡಿತು, ಅವಳ ಕಣ್ಣಿನಲ್ಲಿ ನಾನು ಸಣ್ಣವಳಾದೆ.

ಕಿಯಾರಾ ನಮ್ಮಿಬ್ಬರ ನಡುವೆ ನುಸುಳಿ ಒಳಗೆ ಬಂದಳು. ಬೆನ್ನಿಗೆ ಬ್ಯಾಗು, ಕಾಲಿಗೆ ಶೂ. ನೇರ ಅಮ್ಮನ ಹತ್ತಿರ ಹೋಗಿ, ಅವಳ ಸೀರೆಯ ನೆರಿಗೆ ಹಿಡಿದಳು.

"ಅಜ್ಜಿ, ಸೆಲ್ ಮಿ ಟೂ. ಓಕೆ? ಸೇಮ್ ಹೌಸ್. ರಾಜಿ ಆಂಟಿ. ಸೇಮ್ ಹೌಸ್, ಪ್ಲೀಸ್."

ಅಜ್ಜಿ ತನ್ನನ್ನೂ ಮಾರಿಬಿಡುತ್ತಾಳೆಂದು ಮಗು ಹೆದರಿದೆ ಅಂದುಕೊಂಡಿದ್ದಳು ಕೌನ್ಸೆಲರ್. ನಾವೂ ಹಾಗೇ ಅಂದುಕೊಂಡಿದ್ದೆವು. ಮಾರುವುದು ಅವಳಿಗೆ ಹೊಸದೇ ಅಲ್ಲ, ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವುದಕ್ಕೆ ದೊಡ್ಡವರಿಟ್ಟ ಇನ್ನೊಂದು ಹೆಸರು ಅಷ್ಟೆ. ಅವಳ ಭಯ ಒಂದೇ ಆಗಿತ್ತು, ಅಣ್ಣನ ಹಾಗೆ ಇವನೂ ಕ್ರಿಸ್‌ಮಸ್ಸಿನ ಕಾರ್ಡಾಗಿಬಿಡುತ್ತಾನೆ ಅಂತ.

"ಏನಂತದೆ ಮೊಗ?" ಎಂದು ಕೇಳಿದಳು ಅಮ್ಮ.

"ತನ್ನನ್ನೂ ಮಾರ್ಬೇಕಂತೆ. ತಮ್ಮ ಹೋದ ಮನೆಗೇ" ಎಂದೆ. ಅಷ್ಟು ಹೇಳುವುದರಲ್ಲಿ ನಾನು ಅಳುತ್ತಿದ್ದೆ.

ಅಮ್ಮ ನೆಲಕ್ಕೆ ಕುಸಿದು ಕೂತಳು. ಕಿಯಾರಾಳ ಮುಖ ಅವಳ ಮುಖದ ಎತ್ತರಕ್ಕೆ ಬಂತು. ಅಮ್ಮ ತನ್ನ ಒರಟು ಅಂಗೈಯಿಂದ ಅವಳ ಕೆನ್ನೆ ಸವರಿ, ಜಡೆಗಳನ್ನು ಸವರಿ, ಮತ್ತೆ ಕೆನ್ನೆ ಸವರಿದಳು. ಆಮೇಲೆ ಮಂಚ ಹಿಡಿದು ಎದ್ದಳು.

"ನಡೀರಿ. ತಕ್ಕಬರಾನ. ಏನ್ ಬಂದ್ರೂ ನನ್ನ ತಲೆಗೆ ಬರ್ಲಿ" ಎಂದಳು.

ಹಿಮ ಕರಗಲೆಂದು ಉಪ್ಪು ಚೆಲ್ಲಿದ ಹಾದಿಯಲ್ಲಿ ನಾವೆಲ್ಲ ರಾಜಿ ಆಂಟಿಯ ಮನೆಗೆ ನಡೆದೆವು. ಲೊರೇನ್ ಇಲೈಜಾನನ್ನು ತನ್ನ ಕೋಟಿನೊಳಗೆ ಹಾಕಿಕೊಂಡಿದ್ದಳು, ನಾನು ಸೂಟ್‌ಕೇಸ್ ಎಳೆಯುತ್ತಿದ್ದೆ. ಹಾಲಿನಲ್ಲಿ ರಾಜಿ ಆಂಟಿ ಮೊರ ಹಾಸಿ ಕಾದಿದ್ದರು. ಕೂಸನ್ನು ವಾಪಸ್ ಕೊಳ್ಳುವ ತೌಡೂ ಅವರ ಡಬ್ಬಿಯದೇ. ಲೊರೇನ್ ಒಂದು ಕ್ಷಣ ಹಿಂಜರಿದು ಇಲೈಜಾನನ್ನು ಮೊರದ ಮೇಲೆ ಕೂರಿಸಿದಳು. ಅವನು ಮೊರದ ಅಂಚು ಕಚ್ಚಿದ.

ಅಮ್ಮ ಒಂದು ಹಿಡಿ ತುಂಬಿಕೊಂಡಳು. ಬೆರಳ ಸಂದಿಯಿಂದ ತೌಡು ಕಾರ್ಪೆಟ್ಟಿನ ಮೇಲೆ ಉದುರುತ್ತಿತ್ತು. "ತಕ್ಕೋ ರಾಜಮ್ಮ. ನಮ್ಮ್ ಮೊಗ ನಮಗ್ ಕೊಡು."

"ತಗೊಂಡೆ. ಕರ್ಕೊಂಡ್ ಹೋಗಿ" ಎಂದರು ರಾಜಿ ಆಂಟಿ. ಕಿಯಾರಾ ಕಣ್ಣು ಮಿಟುಕಿಸದೆ ನೋಡಿದಳು. ತೌಡು ಈ ಕೈಯಿಂದ ಆ ಕೈಗೆ ಹೋದದ್ದನ್ನು, ಹಾಗೂ ರಾಜಿ ಆಂಟಿ ಅದನ್ನು ತೆಗೆದುಕೊಂಡದ್ದನ್ನು.

ಅಮ್ಮ ಕೂಸನ್ನೆತ್ತಿ ಲೊರೇನಳ ಕೈಗೆ ಕೊಟ್ಟಳು. ಕೊಡುವಾಗ ಇಲೈಜಾನ ಎದೆಗೆ ಒಂದು ಸಲ ಕಿವಿ ಒತ್ತಿದಳು, ಲೊರೇನ್ ಮಾಡುವ ಹಾಗೆಯೇ. ಲೊರೇನ್ ಅವಳ ಕೈಯನ್ನು ಸ್ವಲ್ಪ ಹೊತ್ತು ಬಿಡಲಿಲ್ಲ. ಏನು ಹೇಳಬೇಕೆನಿಸಿತೋ, ಅನುವಾದ ಮಾಡೆಂದು ನನಗೆ ಕೊಡಲಿಲ್ಲ.

ನಾವು ಹೊರಟಾಗ ಅಮ್ಮ ಅಭ್ಯಾಸದಂತೆ ಚಪ್ಪಲಿಗೆ ಕಾಲು ಚಾಚಿದಳು. ಆಮೇಲೆ ನೆನಪಾಗಿ ನಿಂತಳು. ರಾಜಿ ಆಂಟಿ ಬಾಗಿಲು ಹಾಕಿಕೊಂಡರು, ಚಳಿ ಒಳಗೆ ಬರುತ್ತಿತ್ತು.

ಹಾದಿಯ ನಡುವೆ ಕಿಯಾರಾ ನಿಂತು ಹಿಂತಿರುಗಿ ಆ ಬಾಗಿಲನ್ನು ನೋಡಿದಳು.

"ವೆನ್ ಡು ವಿ ಬೈ ಅಜ್ಜಿ ಬ್ಯಾಕ್?"

"ಸೂನ್" ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. ಆ ಮಾತನ್ನು ಅವಳು ಎಷ್ಟು ಮನೆಗಳಲ್ಲಿ ಎಷ್ಟು ಜನರ ಬಾಯಲ್ಲಿ ಕೇಳಿದ್ದಳೋ. ಮನೆಗೆ ಬಂದು ಅನ್ನ ಸಾರು ಬಡಿಸಿದಾಗ ಸುಮ್ಮನೆ ಊಟಕ್ಕೆ ಕೂತಳು. ತಮ್ಮನ ಕುರ್ಚಿಯನ್ನು ತನ್ನ ಕುರ್ಚಿಗೆ ತಾಗುವಂತೆ ಎಳೆದುಕೊಂಡಿದ್ದಳು. ಶೂ ಬಿಚ್ಚಿರಲಿಲ್ಲ, ಬ್ಯಾಗು ಬೆನ್ನಿನಿಂದ ಇಳಿಸಿರಲಿಲ್ಲ. ನಾನೂ ಲೊರೇನೂ ಇಳಿಸು ಎಂದು ಹೇಳಲಿಲ್ಲ.